ಸಮುದ್ರದಡಿಯ ಜ್ವಾಲಾಮುಖಿ ಉಬ್ತಾ ಇದೆಯಂತೆ, ನನ್ನ ತಮ್ಮ ಮನೆ ಖಾಲಿ ಮಾಡ್ಬೇಕಾ?

ಓದುಗರ ಪ್ರಶ್ನೆ: ನನ್ನ ತಮ್ಮ ಅಮೆರಿಕದ ಆರೆಗಾನ್ ರಾಜ್ಯದಲ್ಲಿ, ಪೆಸಿಫಿಕ್ ಕಡಲತೀರದ ಒಂದು ಸಣ್ಣ ಊರಲ್ಲಿದ್ದಾನೆ, ಜೊತೆಗೆ ಹೆಂಡತಿ, ಒಂಬತ್ತು ವರ್ಷದ ಮಗಳು. ಆ ಕಡೆ ಸಮುದ್ರದೊಳಗೆ ಆಕ್ಸಿಯಲ್ ಸೀಮೌಂಟ್ ಅಂತ ಒಂದು ಜ್ವಾಲಾಮುಖಿ ಇದೆಯಂತೆ, ಅದು ಬಲೂನ್ ಥರ ಉಬ್ತಾ ಇದೆ, ಯಾವಾಗ ಬೇಕಾದ್ರೂ ಸಿಡಿದು ಸುನಾಮಿ ಬರುತ್ತೆ ಅಂತ ದಿನಾ ಒಂದೊಂದು ವಿಡಿಯೋ ಬರ್ತಿದೆ. 2025 ಮುಗಿಯೋದ್ರೊಳಗೆ ಸಿಡಿಯುತ್ತೆ ಅಂತ ವಿಜ್ಞಾನಿಗಳೇ ಹೇಳಿದ್ರಂತೆ, ಆಗ್ಲಿಲ್ಲ, ಆಮೇಲೆ 2026 ಅಂದ್ರಂತೆ. ಒಂದೂವರೆ ಕಿಲೋಮೀಟರ್ ನೀರು, ಅದರ ಕೆಳಗೆ ಕಲ್ಲು, ಅದರೊಳಗಿರೋ ಮ್ಯಾಗ್ಮಾ ಇವರಿಗೆ ಹೇಗೆ ಕಾಣುತ್ತೆ? ಇದೆಲ್ಲ ಬರೀ ಅಂದಾಜಾ? ತೂತು ಕೊರೆದು ಒತ್ತಡ ಇಳಿಸೋಕೆ ಬರಲ್ವಾ? ತಮ್ಮನಿಗೆ ಅಲ್ಲಿಂದ ಮನೆ ಬದಲಾಯಿಸು ಅಂತ ಹೇಳ್ಲಾ? ಕೊನೇದು ಅವನ ಮಗಳು ಕೇಳಿದ್ದು: ಲಾವಾ ಬಂದ್ರೆ ತಳದಲ್ಲಿಟ್ಟಿರೋ ಮೆಷಿನ್‌ಗಳು ಸುಟ್ಟುಹೋಗಲ್ವಾ?

ಉತ್ತರ: ಮೇಡಂ, ನಿಮಗೆ ಮುಖ್ಯವಾಗಿ ಬೇಕಾಗಿರೋದನ್ನ ಮೊದಲೇ ಹೇಳಿಬಿಡ್ತೀನಿ. ಆಕ್ಸಿಯಲ್ ನಾಳೆ ಬೆಳಗ್ಗೆ ಸಿಡಿದ್ರೂ ನಿಮ್ಮ ತಮ್ಮನ ಮನೆಯಲ್ಲಿ ಒಂದು ಲೋಟ ಕೂಡ ಅಲ್ಲಾಡಲ್ಲ. ಆದರೆ ಅವರಿರೋ ಕಡಲತೀರಕ್ಕೆ ಅಪಾಯವೇ ಇಲ್ಲ ಅಂತ ಇದರರ್ಥ ಅಲ್ಲ, ಅಪಾಯ ಇದೆ, ದೊಡ್ಡದೇ ಇದೆ, ಅದು ಈ ಬೆಟ್ಟದಿಂದ ಬರೋದಲ್ಲ, ವಿಡಿಯೋ ಮಾಡೋರು ಅದನ್ನ ಬಿಟ್ಟು ಇದನ್ನ ಹಿಡ್ಕೊಂಡಿದಾರೆ ಅನ್ನೋದು ನನಗೆ ನಿಜಕ್ಕೂ ಬೇಜಾರು. ಎರಡನ್ನೂ ಬಿಡಿಸಿ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ನಾನು ಹಲವು ವರ್ಷಗಳಿಂದ ಸಮುದ್ರತಳದ ಒತ್ತಡದ ದಾಖಲೆಗಳ ಮೇಲೇ ಕೆಲಸ ಮಾಡ್ತಿರೋನು. ಅಂದ್ರೆ ತಳದಲ್ಲಿ ಕೂತಿರೋ ಸೆನ್ಸರ್ ಕಳಿಸಿದ ಅಂಕಿಗಳಲ್ಲಿ ಯಾವುದು ಸಮುದ್ರದ ಮಾತು, ಯಾವುದು ನೆಲದ ಮಾತು, ಯಾವುದು ಸೆನ್ಸರ್‌ನ ಸ್ವಂತ ತಪ್ಪು ಅಂತ ಬೇರೆ ಮಾಡೋದು. ಹಾಗಾಗಿ "ಬರೀ ಅಂದಾಜಾ?" ಅನ್ನೋ ನಿಮ್ಮ ಪ್ರಶ್ನೆ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸ್ತು.

ಮೊದಲು ಆ ಬೆಟ್ಟ ಯಾವುದು ಅಂತ ನೋಡೋಣ. ಆಕ್ಸಿಯಲ್ ಇರೋದು ಆರೆಗಾನ್ ತೀರದಿಂದ ಸುಮಾರು 480 ಕಿಲೋಮೀಟರ್ ದೂರದಲ್ಲಿ, ಹ್ವಾನ್ ಡಿ ಫ್ಯೂಕಾ ಅನ್ನೋ ಸಮುದ್ರದೊಳಗಿನ ಬೆಟ್ಟಸಾಲಿನ ಮೇಲೆ. ಅಲ್ಲಿ ಭೂಮಿಯ ಹೊರಚಿಪ್ಪಿನ ಎರಡು ಫಲಕಗಳು ಒಂದರಿಂದ ಒಂದು ದೂರ ಸರಿತಾ ಇವೆ, ಜೊತೆಗೆ ಕಾಬ್ ಅನ್ನೋ ಹಾಟ್‌ಸ್ಪಾಟ್, ಅಂದ್ರೆ ಆಳದಿಂದ ಬಿಸಿ ಮೇಲೆ ಬರೋ ಜಾಗ, ಕೂಡ ಕೆಳಗೇ ಇದೆ, ಹಾಗಾಗಿ ಮ್ಯಾಗ್ಮಾಗೆ, ಅಂದ್ರೆ ನೆಲದಡಿ ಕರಗಿರೋ ಕಲ್ಲಿಗೆ, ಬರ ಇಲ್ಲ. ಬೆಟ್ಟ ಅಕ್ಕಪಕ್ಕದ ಕಡಲತಳಕ್ಕಿಂತ ಸುಮಾರು 1100 ಮೀಟರ್ ಎತ್ತರ ಇದ್ರೂ ಅದರ ನೆತ್ತಿ ನೀರಿನ ಮೇಲ್ಮೈಯಿಂದ ಸುಮಾರು 1400 ಮೀಟರ್ ಕೆಳಗೇ ಉಳಿಯುತ್ತೆ. ನೆತ್ತಿಯ ಮೇಲೆ 8 ಕಿಲೋಮೀಟರ್ ಉದ್ದ, 3 ಕಿಲೋಮೀಟರ್ ಅಗಲದ ಕುಸಿದ ಕುಳಿ ಇದೆ, ಇದನ್ನೇ ಕ್ಯಾಲ್ಡೆರಾ ಅನ್ನೋದು. 1998ರ ಜನವರಿ, 2011ರ ಏಪ್ರಿಲ್, 2015ರ ಏಪ್ರಿಲ್, ಹೀಗೆ ಮೂರು ಸಲ ನಮ್ಮ ಕಣ್ಗಾವಲಿನಲ್ಲೇ ಲಾವಾ ಉಕ್ಕಿದೆ. ಮೂರು ಸಲವೂ ತೀರದಲ್ಲಿ ಒಬ್ಬರಿಗೂ ಏನೂ ಗೊತ್ತಾಗ್ಲಿಲ್ಲ. ಅಷ್ಟೇ ಯಾಕೆ, 2011ರಲ್ಲಿ ಉಕ್ಕಿದ್ದು ಅದನ್ನೇ ಓದ್ತಿದ್ದ ವಿಜ್ಞಾನಿಗಳಿಗೂ ಗೊತ್ತಾಗಿದ್ದು ಮೂರೂವರೆ ತಿಂಗಳಾದ ಮೇಲೆ, ಆ ಕಥೆಗೆ ಆಮೇಲೆ ಬರ್ತೀನಿ.

ಯಾಕೆ ಸಿಡಿಯಲ್ಲ? ಜ್ವಾಲಾಮುಖಿ ಸಿಡಿಯೋದು ಮ್ಯಾಗ್ಮಾದಲ್ಲಿ ಕರಗಿರೋ ಅನಿಲದಿಂದ. ಮೇಲೆ ಬರ್ತಾ ಒತ್ತಡ ಕಮ್ಮಿ ಆದಾಗ ಆ ಅನಿಲ ಒಮ್ಮೆಲೇ ಗುಳ್ಳೆಯಾಗಿ ಹಿಗ್ಗಿ ಕರಗಿದ ಕಲ್ಲನ್ನ ಚೂರುಚೂರು ಮಾಡಿ ಎಸೆಯುತ್ತೆ. ಆಕ್ಸಿಯಲ್ ನೆತ್ತಿಯ ಮೇಲೆ ನಾವು ಉಸಿರಾಡೋ ಗಾಳಿಯ ಒತ್ತಡದ ಸುಮಾರು 150 ಪಟ್ಟು ಭಾರ ಕೂತಿದೆ, ಅನಿಲಕ್ಕೆ ಹಿಗ್ಗೋಕೆ ಜಾಗವೇ ಇಲ್ಲ. ಮೇಲಾಗಿ ಅಲ್ಲಿನದು ಬಸಾಲ್ಟ್, ತೆಳ್ಳಗೆ ಹರಿಯೋ ಜಾತಿ. ಹಾಗಾಗಿ ಬಿರುಕು ಬಿಡುತ್ತೆ, ಲಾವಾ ಹರಿಯುತ್ತೆ, ಹೊರಗಿನ ಪದರ ತಣ್ಣೀರಿಗೆ ತಾಗಿ ಗಾಜಾಗುತ್ತೆ, ಒಳಗೆ ಮತ್ತೆ ಹರಿಯುತ್ತೆ. ಅಷ್ಟೇ.

ಸುನಾಮಿ ಬರಬೇಕಾದ್ರೆ ದೊಡ್ಡ ಪ್ರದೇಶದ ನೀರು ಒಮ್ಮೆಲೇ, ಅಂದ್ರೆ ಸೆಕೆಂಡು ನಿಮಿಷಗಳ ಲೆಕ್ಕದಲ್ಲಿ, ಮೇಲಕ್ಕೋ ಕೆಳಕ್ಕೋ ತಳ್ಳಲ್ಪಡಬೇಕು. 2015ರಲ್ಲಿ ಆಕ್ಸಿಯಲ್ ಕ್ಯಾಲ್ಡೆರಾದ ತಳ ಸುಮಾರು 2.4 ಮೀಟರ್ ಕುಸೀತು, ಕೇಳೋಕೆ ಭಯ ಆಗುತ್ತೆ, ಆದರೆ ಕುಸಿದಿದ್ದು ಗಂಟೆಗಳು, ದಿನಗಳು, ವಾರಗಳ ಮೇಲೆ, ನೀರಿಗೆ ಅಷ್ಟೊತ್ತಿಗೆ ಆರಾಮಾಗಿ ಹೊಂದಿಕೊಳ್ಳೋಕೆ ಸಮಯ ಸಿಗುತ್ತೆ.

ಹಾಗಂತ ಸಮುದ್ರದೊಳಗಿನ ಎಲ್ಲ ಜ್ವಾಲಾಮುಖಿಗಳೂ ಸಾಧು ಅಂತ ತಿಳ್ಕೋಬೇಡಿ, ಆ ತಪ್ಪು ತಿಳುವಳಿಕೆನೂ ಅಷ್ಟೇ ಕೆಟ್ಟದ್ದು. 2022ರ ಜನವರಿ 15ರಂದು ಪೆಸಿಫಿಕ್‌ನ ದ್ವೀಪದೇಶ ಟೊಂಗಾದ ಹುಂಗಾ ಜ್ವಾಲಾಮುಖಿ ಸಿಡಿದಾಗ ಅದರ ಮೋಡ 50 ಕಿಲೋಮೀಟರ್‌ಗಿಂತ ಮೇಲೆ ಹೋಯ್ತು, ಸುನಾಮಿನೂ ಬಂತು, ಯಾಕಂದ್ರೆ ಅದರ ಬಾಯಿ ನೀರಿನ ಮೇಲ್ಮೈಗೆ ತೀರಾ ಹತ್ರ ಇತ್ತು. 2018ರ ಡಿಸೆಂಬರ್‌ನಲ್ಲಿ ಇಂಡೋನೇಷ್ಯಾದ ಅನಕ್ ಕ್ರಕಟಾವ್‌ನ ಒಂದು ಪಕ್ಕೆ ಜಾರಿ ಸಮುದ್ರಕ್ಕೆ ಬಿತ್ತು, ಸುನಾಮಿಗೆ 400ಕ್ಕೂ ಹೆಚ್ಚು ಜನ ಹೋದ್ರು. ಗ್ರೀಸ್‌ನ ಸಾಂಟೊರಿನಿ ಪಕ್ಕದ ಕೊಲುಂಬೊ 1650ರಲ್ಲಿ ಸಿಡಿದಾಗ ವಿಷಗಾಳಿಗೆ ಜನ, ದನ ಎಲ್ಲ ಸತ್ರು. ಅಂದ್ರೆ ನೋಡಬೇಕಾಗಿರೋದು ಬಾಯಿ ಎಷ್ಟು ಆಳದಲ್ಲಿದೆ, ಪಕ್ಕೆ ಎಷ್ಟು ಕಡಿದಾಗಿದೆ, ಮ್ಯಾಗ್ಮಾ ಎಷ್ಟು ಅಂಟು, ಜನ ಎಷ್ಟು ಹತ್ರ ಇದಾರೆ ಅಂತ. ಈ ನಾಲ್ಕರಲ್ಲೂ ಆಕ್ಸಿಯಲ್ ಒಳ್ಳೇ ಕಡೆಗಿದೆ.

ಈಗ ಮ್ಯಾಗ್ಮಾ ಹೇಗೆ ಕಾಣುತ್ತೆ ಅನ್ನೋದು. ಕಾಣಲ್ಲ. ಕಾಣೋದು ನೆಲ ಮಾತ್ರ, ನೆಲ ಏಳುತ್ತೆ, ಇಳಿಯುತ್ತೆ, ವಾಲುತ್ತೆ, ನಡುಗುತ್ತೆ. ಅಲ್ಲಿ ಜಿಪಿಎಸ್ ಇಡೋಕಾಗಲ್ಲ, ರೇಡಿಯೋ ಸಿಗ್ನಲ್ ಉಪ್ಪುನೀರಲ್ಲಿ ಸ್ವಲ್ಪ ದೂರಕ್ಕೇ ಸತ್ತುಹೋಗುತ್ತೆ. ಹಾಗಾಗಿ ನೀರನ್ನೇ ಅಳತೆಗೋಲು ಮಾಡ್ಕೋತೀವಿ. ತಳದಲ್ಲಿ ಒತ್ತಡ ಅಳೆಯೋ ಸೆನ್ಸರ್ ಇಟ್ಟರೆ ಅದು ತನ್ನ ತಲೆ ಮೇಲಿರೋ ನೀರಿನ ತೂಕ ಹೇಳುತ್ತೆ. ನೆಲ ಒಂದು ಸೆಂಟಿಮೀಟರ್ ಎದ್ರೆ ತಲೆ ಮೇಲಿನ ನೀರು ಒಂದು ಸೆಂಟಿಮೀಟರ್ ಕಮ್ಮಿ ಆಯ್ತು, ಒತ್ತಡ ಅಷ್ಟು ಇಳೀತು. 1500 ಮೀಟರ್ ನೀರಲ್ಲಿ ಒಂದು ಸೆಂಟಿಮೀಟರ್ ಅಂದ್ರೆ ಒಂದೂವರೆ ಲಕ್ಷದಲ್ಲಿ ಒಂದು ಪಾಲು. ಸೆನ್ಸರ್ ಒಳಗಿನ ಸಣ್ಣ ಕ್ವಾರ್ಟ್ಜ್ ಹರಳು ಕಂಪಿಸೋ ವೇಗ ಒತ್ತಡದ ಜೊತೆ ಬದಲಾಗುತ್ತೆ, ಆ ಬದಲಾವಣೆಯನ್ನ ಎಣಿಸ್ತೀವಿ, ಅದಕ್ಕಿಂತ ಸೂಕ್ಷ್ಮ ಕೂಡ ಸಿಗುತ್ತೆ.

ಆದರೆ ಸೆನ್ಸರ್‌ನಿಂದ ಬಂದ ಕಚ್ಚಾ ದಾಖಲೆ ನೋಡಿದ್ರೆ ನಿಮಗೆ ಜ್ವಾಲಾಮುಖಿ ಕಾಣೋದೇ ಇಲ್ಲ. ಪರದೆ ತುಂಬ ದಿನಕ್ಕೆ ಎರಡು ಸಲ ಏರಿ ಇಳಿಯೋ ದಪ್ಪ ಅಲೆ ಮಾತ್ರ, ಅದು ಉಬ್ಬರ ಇಳಿತ, ಮೀಟರ್‌ಗಳ ಲೆಕ್ಕ. ನಾವು ಹುಡುಕ್ತಿರೋದು ದಿನಕ್ಕೆ ಒಂದು ಮಿಲಿಮೀಟರ್‌ಗೂ ಕಮ್ಮಿ ಏಳ್ತಿರೋ ನೆಲವನ್ನ. ಉಬ್ಬರ ಇಳಿತ ಚಂದ್ರ ಸೂರ್ಯರ ಲೆಕ್ಕ ಆದ್ದರಿಂದ ಅದನ್ನ ಕಳೆಯಬಹುದು, ಕಳೆದಾಗ ಅಲೆ ಸವೆದು ಒಂದು ಒರಟು ಗೆರೆ ಉಳಿಯುತ್ತೆ, ಅದರಲ್ಲಿ ಇನ್ನೂ ಸಮುದ್ರದ ಪ್ರವಾಹ, ಹವಾಮಾನ ಎಲ್ಲ ಬೆರೆತಿರುತ್ತೆ. ಆಗ ಜ್ವಾಲಾಮುಖಿಯಿಂದ ದೂರ ಇಟ್ಟ ಇನ್ನೊಂದು ಸೆನ್ಸರ್‌ನ ಗೆರೆ ತಂದು ಇದರಿಂದ ಕಳೀತೀವಿ, ಸಮುದ್ರ ಇಬ್ಬರಿಗೂ ಒಂದೇ, ಬೆಟ್ಟ ಮಾತ್ರ ಇವನ ಕೆಳಗಿದೆ. ಆವಾಗ ಉಳಿಯೋ ಗೆರೆ ನಿಧಾನಕ್ಕೆ ಓರೆಯಾಗಿ ಹೋಗ್ತಾ ಇರೋದು ಕಾಣುತ್ತೆ. ಇಷ್ಟು ವರ್ಷ ಆದ್ರೂ ಆ ಓರೆ ಮೊದಲ ಸಲ ಕಾಣೋ ಕ್ಷಣಕ್ಕೆ ನನಗೆ ಮೈ ಜುಮ್ ಅನ್ನುತ್ತೆ.

ಇಲ್ಲೊಂದು ದೊಡ್ಡ ಕಿರಿಕಿರಿ ಇದೆ. ಹರಳು ವರ್ಷಾನುಗಟ್ಟಲೆ ಆ ಭಾರದ ಕೆಳಗೆ ಕೂತು ತಾನೇ ಸ್ವಲ್ಪ ಸ್ವಲ್ಪ ಹಾದಿ ತಪ್ಪುತ್ತೆ, ಇದಕ್ಕೆ ಡ್ರಿಫ್ಟ್ ಅಂತೀವಿ, ವರ್ಷಕ್ಕೆ ಕೆಲವು ಸೆಂಟಿಮೀಟರ್ ಆಗಬಹುದು, ಅಂದ್ರೆ ನೆಲ ಏಳದೇ ಇದ್ರೂ ಎದ್ದ ಹಾಗೆ ತೋರಿಸಬಹುದು. ಇದನ್ನ ಹಿಡಿಯೋಕೆ ಆರೆಗಾನ್ ಸ್ಟೇಟ್ ಯೂನಿವರ್ಸಿಟಿಯ ಬಿಲ್ ಚಾಡ್ವಿಕ್, ನಾರ್ತ್ ಕ್ಯಾರೊಲೈನಾ ಯೂನಿವರ್ಸಿಟಿಯ (ವಿಲ್ಮಿಂಗ್ಟನ್) ಸ್ಕಾಟ್ ನೂನರ್ ಇವರ ತಂಡ ಮಾಡಿದ್ದು ನೋಡಿ: ಕ್ಯಾಲ್ಡೆರಾ ಒಳಗೂ ಹೊರಗೂ ತಳದ ಮೇಲೆ ಕಾಂಕ್ರೀಟ್ ದಿಮ್ಮಿಗಳನ್ನ ಇಟ್ಟಿದಾರೆ, ಕೆಲವು ವರ್ಷಕ್ಕೊಮ್ಮೆ ಹಡಗಲ್ಲಿ ಹೋಗಿ ಜೇಸನ್ ಅನ್ನೋ ರೋಬಾಟ್ ಇಳಿಸಿ, ಅದರ ಕೈಯಲ್ಲಿ ಒಂದೇ ಸೆನ್ಸರ್ ಕೊಟ್ಟು ಒಂದೊಂದೇ ದಿಮ್ಮಿ ಮೇಲೆ ಇಟ್ಟು, ಕಾಯ್ದು, ಎತ್ತಿ, ಮುಂದಿನದಕ್ಕೆ ಹೋಗ್ತಾರೆ. ಒಂದೇ ಸೆನ್ಸರ್ ಎಲ್ಲ ಕಡೆ ಓಡಾಡೋದ್ರಿಂದ ಡ್ರಿಫ್ಟ್ ಎಷ್ಟು ಅಂತ ಸಿಕ್ಕಿಬೀಳುತ್ತೆ, ಅಳತೆ ಹೆಚ್ಚುಕಮ್ಮಿ ಒಂದು ಸೆಂಟಿಮೀಟರ್‌ವರೆಗೆ ನಂಬಬಹುದು. ಈಗೀಗ ಒಳಗೇ ತಾನೇ ತನ್ನನ್ನ ಸರಿ ನೋಡ್ಕೊಳ್ಳೋ ಸೆನ್ಸರ್‌ಗಳೂ ಬಂದಿವೆ, ಆಗಾಗ ಸಮುದ್ರದ ಒತ್ತಡದಿಂದ ಬಿಡಿಸಿಕೊಂಡು ಒಂದು ಗೊತ್ತಿರೋ ಒತ್ತಡಕ್ಕೆ ಹೋಲಿಸಿ ವಾಪಸ್ ಬರ್ತವೆ.

ಸೆನ್ಸರ್ ಹೇಗೆ ಮೋಸ ಮಾಡುತ್ತೆ ಅನ್ನೋದಕ್ಕೆ ನನ್ನದೇ ಒಂದು ಅನುಭವ. ಬೇರೆ ಒಂದು ಕಡಲತಳದ ದಾಖಲೆಯಲ್ಲಿ ಒಂದೇ ರಾತ್ರಿ 4 ಸೆಂಟಿಮೀಟರ್ ಕುಸಿತ ಕಾಣ್ತು. ಬೆಳಗಿನ ಜಾವದ ತನಕ ಕೂತು ನೋಡಿದ್ದೇ ನೋಡಿದ್ದು, ಉಬ್ಬರ ಇಳಿತ ಎರಡು ಸಲ ಕಳೆದೆ, ಕುಸಿತ ಹಾಗೇ ಇತ್ತು. ಪಕ್ಕದ ಸೆನ್ಸರ್ ತೆಗೆದು ನೋಡಿದ್ರೆ ಅದರ ಗೆರೆ ಎಳೆದು ಕಟ್ಟಿದ ಹಗ್ಗದ ಹಾಗೆ ನೆಟ್ಟಗಿದೆ, ಭೂಕಂಪವೂ ಇಲ್ಲ, ವಾಲುವಿಕೆಯೂ ಇಲ್ಲ. ಆಮೇಲೆ ಮೇಲೆ ತಂದಾಗ ಗೊತ್ತಾಯ್ತು, ಅದನ್ನ ಇಟ್ಟ ಚೌಕಟ್ಟಿನ ಒಂದು ಕಾಲು ಮೆತ್ತನೆ ಕೆಸರಲ್ಲಿ ಹೂತುಹೋಗಿತ್ತು, ಕಾಲಿಗೆ ಕೆಸರಿನ ಗುರುತು ಅಂಗೈ ಅಗಲ ಮೇಲಕ್ಕೆ ಇತ್ತು. ಆವತ್ತಿಂದ ಒಂದೇ ಉಪಕರಣ ಹೇಳಿದ್ದನ್ನ ನಾನು ಯಾರಿಗೂ ಹೇಳಲ್ಲ, ಎರಡನೇ ಸಾಕ್ಷಿ ಬರೋ ತನಕ ಕಾಯ್ತೀನಿ.

ಆಕ್ಸಿಯಲ್‌ನಲ್ಲಿ ಎರಡನೇ, ಮೂರನೇ ಸಾಕ್ಷಿಗಳಿವೆ, ಅದಕ್ಕೇ ಅಲ್ಲಿನ ಮಾತನ್ನ ನಾನು ನಂಬ್ತೀನಿ. ವಾಲುಮಾಪಕಗಳಿವೆ, ಒಂದು ಕಿಲೋಮೀಟರ್ ಉದ್ದದ ಹಲಗೆಯ ಒಂದು ತುದಿಯನ್ನ ಒಂದು ಮಿಲಿಮೀಟರ್ ಎತ್ತಿದ್ರೆ ಎಷ್ಟು ವಾಲುತ್ತೋ ಅಷ್ಟನ್ನೂ ಅವು ಹಿಡೀತವೆ. ನೆತ್ತಿಯ ಸುತ್ತ ಭೂಕಂಪ ಮಾಪಕಗಳಿವೆ, ನೀರೊಳಗಿನ ಮೈಕ್ ಅಂತೀವಲ್ಲ ಆ ಹೈಡ್ರೋಫೋನ್‌ಗಳಿವೆ. ಮ್ಯಾಗ್ಮಾ ತುಂಬ್ತಾ ಕ್ಯಾಲ್ಡೆರಾದ ತಳವನ್ನ ಮೇಲೆ ನೂಕಿದ ಹಾಗೆ ಅಂಚಿನ ಹಳೇ ಬಿರುಕುಗಳು ಚೂರುಚೂರೇ ಜಾರ್ತವೆ, ಪುಟ್ಟ ಪುಟ್ಟ ಭೂಕಂಪ, ಹೆಚ್ಚಿನವು ಮನುಷ್ಯನ ಕಾಲಿಗೆ ಗೊತ್ತೇ ಆಗದಂಥವು. ಇನ್ನೊಂದು ಚಂದದ ವಿಷಯ, ಈ ಭೂಕಂಪಗಳು ಇಳಿತದ ಹೊತ್ತಲ್ಲಿ ಹೆಚ್ಚು ಬರ್ತವೆ. ನೀರಿನ ಭಾರ ಒಂದೆರಡು ಮೀಟರ್‌ನಷ್ಟು ಕಮ್ಮಿ ಆದ್ರೂ ಸಾಕು, ಬಿರುಕು ಜಾರೋದು ಸುಲಭ ಆಗುತ್ತೆ. ಬೆಟ್ಟ ಎಷ್ಟು ತುಂಬಿ ಬಿಗಿಯಾಗಿದೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಸಾಕ್ಷಿ ಇಲ್ಲ ಅಂತ ನನ್ನ ಅಭಿಪ್ರಾಯ.

ಇನ್ನು ಮ್ಯಾಗ್ಮಾ ಕೋಣೆ ಎಲ್ಲಿದೆ ಅನ್ನೋದು ಹಡಗಿನಿಂದ ಶಬ್ದದ ಅಲೆ ಕಳಿಸಿ, ಕಲ್ಲಿನ ಪದರಗಳಿಂದ ವಾಪಸ್ ಬರೋ ಪ್ರತಿಧ್ವನಿ ಕೇಳಿ ತಿಳಿದಿದ್ದು. ಕ್ಯಾಲ್ಡೆರಾ ಕೆಳಗೆ ಒಂದರಿಂದ ಎರಡೂಕಾಲು ಕಿಲೋಮೀಟರ್ ಆಳದಲ್ಲಿ ಅದರ ಚಾವಣಿ, ಸುಮಾರು 14 ಕಿಲೋಮೀಟರ್ ಉದ್ದ, 3 ಕಿಲೋಮೀಟರ್ ಅಗಲ. ಒಳಗೆ ಪೂರ್ತಿ ದ್ರವ ಅಂತ ತಿಳ್ಕೋಬೇಡಿ, ಎಷ್ಟೋ ಭಾಗ ಹರಳುಗಳು ಬೆರೆತ ಗಟ್ಟಿ ಗಂಜಿಯ ಹಾಗೆ. ಮ್ಯಾಗ್ಮಾ ಎಷ್ಟು ಬಂತು ಅನ್ನೋದು ಮಾತ್ರ ನೇರ ಅಳತೆ ಅಲ್ಲ, ನೆಲ ಎಲ್ಲಿ ಎಷ್ಟು ಎದ್ದಿದೆ ಅಂತ ನೋಡಿ ಲೆಕ್ಕ ಹಾಕಿದ್ದು. ನಿಮ್ಮ "ಅಂದಾಜಾ" ಅನ್ನೋ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಹೀಗೆ: ನೆಲ ಎದ್ದಿರೋದು ಅಳತೆ, ಎಬ್ಬಿಸಿದ್ದು ಮ್ಯಾಗ್ಮಾ ಅನ್ನೋದು ಮೂರು ಉಕ್ಕುವಿಕೆ ನೋಡಿ ಗಟ್ಟಿಯಾದ ತೀರ್ಮಾನ, ಯಾವತ್ತು ಹೊರಗೆ ಬರುತ್ತೆ ಅನ್ನೋದು ಅಂದಾಜು.

ಆ ಅಂದಾಜಿನ ವಿಷಯಕ್ಕೆ ಬಂದ್ರೆ, ಚಾಡ್ವಿಕ್ ಮತ್ತು ನೂನರ್ ಗಮನಿಸಿದ್ದು ಒಂದು ಸರಳ ಚಾಳಿ. ಉಕ್ಕಿದಾಗ ನೆಲ ಧೊಪ್ಪಂತ ಇಳಿಯುತ್ತೆ, ಆಮೇಲೆ ವರ್ಷಗಟ್ಟಲೆ ನಿಧಾನಕ್ಕೆ ಏಳುತ್ತೆ, ಹಿಂದಿನ ಸಲ ಉಕ್ಕಿದಾಗ ಇದ್ದ ಎತ್ತರದ ಆಸುಪಾಸಿಗೆ ಬಂದ ಮೇಲೆ ಮತ್ತೆ ಉಕ್ಕುತ್ತೆ. ಇದನ್ನ ನಂಬ್ಕೊಂಡು 2014ರಲ್ಲೇ "2015ರಲ್ಲಿ ಉಕ್ಕಬಹುದು" ಅಂದ್ರು, ಏಪ್ರಿಲ್ 24ಕ್ಕೆ ಉಕ್ಕಿತು. ಆ ಒಂದೇ ದಿನದಲ್ಲಿ 8000ದಷ್ಟು ಭೂಕಂಪ ದಾಖಲಾಯ್ತು. ಜಗತ್ತಲ್ಲಿ ಬೇರೆ ಕಡೆ ಜ್ವಾಲಾಮುಖಿಯ ಬಗ್ಗೆ ತಿಂಗಳುಗಳ ಮುಂಚೆ ಹೀಗೆ ಹೇಳಿ ಸರಿಯಾಗಿರೋದು ತುಂಬಾ ಅಪರೂಪ.

2024ರ ಕೊನೆಗೆ ನೆಲ 2015ರ ಎತ್ತರಕ್ಕೆ ಹತ್ತಿರ ಬಂದಿತ್ತು, ಏಳೋ ವೇಗವೂ ಹೆಚ್ಚಾಗಿತ್ತು, ಭೂಕಂಪ ದಿನಕ್ಕೆ ನೂರಾರು, ಹಾಗಾಗಿ 2025 ಮುಗಿಯೋದ್ರೊಳಗೆ ಅಂತ ಅಂದ್ರು. ಆಮೇಲೆ ವೇಗ ಅಷ್ಟೇ ಉಳೀತು, ಇನ್ನಷ್ಟು ಏರಲಿಲ್ಲ, ಅವರೇ ಮುಂದೆ ಬಂದು 2026ಕ್ಕೆ ತಳ್ಳಿದ್ರು. ನಿಮಗೆ ಇದು ಸುಳ್ಳಾಗಿ ಕಂಡಿರಬಹುದು. ನನಗೆ ಕಂಡಿದ್ದು ಬೇರೆ. ಒಂದು ಕಲ್ಲಿನ ಚಾವಣಿ ಎಷ್ಟು ಒತ್ತಡ ತಾಳುತ್ತೆ ಅನ್ನೋದು ಪ್ರತಿ ಸಲ ಒಂದೇ ಇರಲ್ಲ, 2015ರಲ್ಲೂ 2011ಕ್ಕಿಂತ ಸ್ವಲ್ಪ ಹೆಚ್ಚೇ ಉಬ್ಬಿದ ಮೇಲೆ ಉಕ್ಕಿದ್ದು. ಹಿಂದಿನ ಲಾವಾ ಬಿರುಕುಗಳಲ್ಲಿ ಗಟ್ಟಿಯಾಗಿ ಬೆಸುಗೆ ಹಾಕಿದ ಹಾಗೆ ಆಗಿರುತ್ತೆ, ಸುತ್ತಲಿನ ಕಲ್ಲು ಇನ್ನಷ್ಟು ಅಮುಕಿಕೊಂಡಿರುತ್ತೆ. ಮೂರು ಉಕ್ಕುವಿಕೆಗಳ ಚಾಳಿ ನೋಡಿ ನಾಲ್ಕನೇದರ ತಾರೀಕು ಹೇಳೋದು ಅಂದ್ರೆ ಅಷ್ಟೇ ಆಧಾರ. ಯಾರಿಗೂ ಅಪಾಯ ಇಲ್ಲದ ಬೆಟ್ಟದ ಮೇಲೆ ಬಹಿರಂಗವಾಗಿ ಹೇಳಿ, ತಪ್ಪಿದ್ರೆ ಬಹಿರಂಗವಾಗಿ ತಿದ್ದಿಕೊಂಡು ಕಲಿಯೋದಕ್ಕೇ ಆಕ್ಸಿಯಲ್ ಇಷ್ಟು ಬೆಲೆ ಬಾಳೋದು. ನಾಳೆ ಊರ ಪಕ್ಕದ ಜ್ವಾಲಾಮುಖಿಯಲ್ಲಿ ಸುಳ್ಳು ಎಚ್ಚರಿಕೆ ಕೊಟ್ರೆ ಸಾವಿರಾರು ಜನರ ಬದುಕು ಅಲ್ಲೋಲಕಲ್ಲೋಲ ಆಗುತ್ತೆ. 2025ರ ಆರಂಭದಲ್ಲಿ ಸಾಂಟೊರಿನಿಯಲ್ಲಿ ಭೂಕಂಪಗಳ ಸರಮಾಲೆ ಆದಾಗ 11,000ಕ್ಕೂ ಹೆಚ್ಚು ಜನ ದ್ವೀಪ ಬಿಟ್ಟು ಹೋದ್ರು, ಕೊನೆಗೆ ಏನೂ ಉಕ್ಕಲಿಲ್ಲ, ಮ್ಯಾಗ್ಮಾ ಕಲ್ಲಿನೊಳಗೇ ಅಡ್ಡಕ್ಕೆ ಹರಿದು ನಿಂತಿತ್ತು. ಅದು ಹಾಗೆ ನಿಂತಿದ್ದು ಗೊತ್ತಾಗೋದರಲ್ಲಿ ಕೊಲುಂಬೊ ಬಳಿ ತಳದಲ್ಲಿಟ್ಟ ಉಪಕರಣಗಳ ಪಾಲೂ ಇದೆ.

ತಳದಲ್ಲಿ ಏನಿಟ್ಟು ಕಾಯೋದು ಅನ್ನೋದರಲ್ಲೂ ಒಂದೊಂದು ದಾರಿಗೆ ಒಂದೊಂದು ತೊಂದರೆ. ಅಗ್ಗದ್ದು ಬ್ಯಾಟರಿ ಹಾಕಿದ ಒಂಟಿ ಉಪಕರಣ. ಹಡಗಿಂದ ಇಳಿಸಿ ಬಿಟ್ರೆ ಒಂದೆರಡು ವರ್ಷ ತಾನೇ ಬರ್ಕೊಂಡು ಕೂತಿರುತ್ತೆ, ಆಮೇಲೆ ಹಡಗಿಂದ ಶಬ್ದದ ಸಂಕೇತ ಕಳಿಸಿದ್ರೆ ಭಾರದ ಕಲ್ಲನ್ನ ಕಳಚಿ ತೇಲಿ ಬರುತ್ತೆ. ಎಲ್ಲಿ ಬೇಕಾದ್ರೂ ಇಡಬಹುದು, ಆದರೆ ಮೇಲೆ ಬರೋ ತನಕ ಒಳಗೇನಿದೆ ಅಂತ ದೇವರಿಗೇ ಗೊತ್ತು. 2011ರಲ್ಲಿ ಆಗಿದ್ದು ಇದೇ. ಏಪ್ರಿಲ್‌ನಲ್ಲಿ ಉಕ್ಕಿದೆ, ಜುಲೈ ಕೊನೆಗೆ ಮಾಮೂಲಿ ಪ್ರವಾಸಕ್ಕೆ ಹೋದ ತಂಡ ಜೇಸನ್ ಇಳಿಸಿದ್ರೆ ಗುರುತಿಟ್ಟ ಜಾಗವೇ ಸಿಗ್ತಿಲ್ಲ, ಎಲ್ಲ ಕಡೆ ಹೊಸ ಕರಿ ಗಾಜಿನಂಥ ಲಾವಾ, ಒಂದು ಹೈಡ್ರೋಫೋನ್ ಪೂರ್ತಿ ಹೂತುಹೋಗಿ ಅದರ ಸರಪಳಿ ಮಾತ್ರ ಕಲ್ಲಿಂದ ಮೇಲಕ್ಕೆ ನಿಂತಿತ್ತು.

ಎರಡನೇ ದಾರಿ ಕೇಬಲ್. 2014ರ ಹೊತ್ತಿಗೆ ಆರೆಗಾನ್‌ನ ಪೆಸಿಫಿಕ್ ಸಿಟಿ ಅನ್ನೋ ತೀರದ ಊರಿಂದ ಆಕ್ಸಿಯಲ್ ತನಕ ಕೇಬಲ್ ಎಳೆದು ಉಪಕರಣ ಜೋಡಿಸಿದ್ರು, ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್ ದುಡ್ಡು, ನೋಡ್ಕೊಳ್ಳೋದು ವಾಷಿಂಗ್ಟನ್ ಯೂನಿವರ್ಸಿಟಿ. ಅದರಲ್ಲೇ ವಿದ್ಯುತ್ ಹೋಗುತ್ತೆ, ಅದರಲ್ಲೇ ಮಾಹಿತಿ ಬರುತ್ತೆ, ಆ ಕ್ಷಣಕ್ಕೇ. ಮುಂದಿನ ವರ್ಷವೇ ಬೆಟ್ಟ ಉಕ್ಕಿತು, ಸಮುದ್ರದೊಳಗಿನ ಒಂದು ಉಕ್ಕುವಿಕೆಯನ್ನ ಮನುಷ್ಯರು ದಡದಲ್ಲಿ ಕೂತು ಆಗ್ತಿರೋ ಹಾಗೇ ನೋಡಿದ್ರು. ತೊಂದರೆ ಏನಂದ್ರೆ ಖರ್ಚು ವಿಪರೀತ, ಕೇಬಲ್ ಹೋದ ಕಡೆ ಮಾತ್ರ ಉಪಕರಣ, ಮೀನು ಬಲೆಗೆ, ಹಡಗಿನ ಲಂಗರಿಗೆ, ಜಾರೋ ಕೆಸರಿಗೆ ತುಂಡಾಗೋ ಭಯ ಇದ್ದೇ ಇದೆ. ಟೊಂಗಾದಲ್ಲಿ ಸಿಡಿತಕ್ಕೆ ದೇಶದ ಸಂಪರ್ಕ ಕೇಬಲ್‌ಗಳೇ ತುಂಡಾದ್ವು, ಅತೀ ಬೇಕಾದ ಹೊತ್ತಲ್ಲೇ ಕಿವುಡಾಗೋ ಸಾಧ್ಯತೆ ಕೇಬಲ್‌ಗೆ ಯಾವಾಗ್ಲೂ ಇರುತ್ತೆ. ನನ್ನ ಪ್ರಕಾರ ಕೇಬಲ್ ಇದ್ದ ಕಡೆನೂ ನಾಲ್ಕು ಒಂಟಿ ಉಪಕರಣ ಇಟ್ಟಿರಲೇಬೇಕು.

ಯಾವುದೂ ಇಡದಿದ್ರೆ ಏನಾಗುತ್ತೆ ಅನ್ನೋದಕ್ಕೆ ಹಿಂದೂ ಮಹಾಸಾಗರದ ಮಯೋಟ್ ದ್ವೀಪ ನೋಡಿ. 2018ರ ಮೇ ತಿಂಗಳಿಂದ ಭೂಕಂಪದ ಮೇಲೆ ಭೂಕಂಪ, ಜನ ರಾತ್ರಿ ಹೊರಗೆ ಮಲಗ್ತಿದ್ರು, ಯಾಕೆ ಅಂತ ಹೇಳೋರಿಲ್ಲ. ಒಂದು ವರ್ಷ ಆದ ಮೇಲೆ ಹಡಗು ಹೋಗಿ ನೋಡಿದ್ರೆ ದ್ವೀಪದಿಂದ 50 ಕಿಲೋಮೀಟರ್ ದೂರದಲ್ಲಿ 800 ಮೀಟರ್‌ಗಿಂತ ಎತ್ತರದ ಹೊಸ ಬೆಟ್ಟವೇ ಎದ್ದು ನಿಂತಿತ್ತು.

ತೂತು ಕೊರೆಯೋ ವಿಷಯ ಚಿಕ್ಕದಾಗಿ ಮುಗಿಸ್ತೀನಿ. ಆಗಲ್ಲ. ಹತ್ತಾರು ಚದರ ಕಿಲೋಮೀಟರ್ ಹರಡಿರೋ ಕೋಣೆಗೆ ಒಂದು ಗೇಣು ಅಗಲದ ತೂತು ಯಾವ ಲೆಕ್ಕ, ಮ್ಯಾಗ್ಮಾ ಅದರೊಳಗೆ ಬಂದ ಕೂಡಲೇ ತಣ್ಣಗಾಗಿ ಮುಚ್ಚಿಕೊಳ್ಳುತ್ತೆ. 2009ರಲ್ಲಿ ಐಸ್‌ಲ್ಯಾಂಡ್‌ನ ಕ್ರಾಫ್ಲಾದಲ್ಲಿ ಬಿಸಿನೀರಿನ ಶಕ್ತಿಗಾಗಿ ಕೊರೀತಿದ್ದಾಗ ಸುಮಾರು 2.1 ಕಿಲೋಮೀಟರ್ ಆಳದಲ್ಲಿ ಅಚಾನಕ್ ಮ್ಯಾಗ್ಮಾ ತಾಗ್ತು, ಸಿಡಿಯಲೂ ಇಲ್ಲ, ಒತ್ತಡ ಇಳಿಯಲೂ ಇಲ್ಲ, ಗಾಜಿನ ಚೂರುಗಳು ಮೇಲೆ ಬಂದ್ವು.

ಈಗ ನಿಮ್ಮ ತಮ್ಮನ ಮನೆ. ಆಕ್ಸಿಯಲ್‌ಗೂ ಆರೆಗಾನ್ ತೀರಕ್ಕೂ ನಡುವೆ, ತೀರಕ್ಕೆ ತುಂಬಾ ಹತ್ತಿರದಲ್ಲಿ, ಕ್ಯಾಸ್ಕೇಡಿಯಾ ಅನ್ನೋ ದೊಡ್ಡ ಬಿರುಕಿದೆ. ಅಲ್ಲಿ ಸಮುದ್ರದ ಫಲಕ ಅಮೆರಿಕ ಖಂಡದ ಕೆಳಗೆ ನುಗ್ತಾ ಇದೆ, ನುಗ್ಗೋ ಜಾಗ ಸಿಕ್ಕಿಹಾಕಿಕೊಂಡಿದೆ. 1700ರ ಜನವರಿ 26ರಂದು ಅದು ಕಳಚಿಕೊಂಡಾಗ ಸುಮಾರು 9ರ ಪ್ರಮಾಣದ ಭೂಕಂಪ ಆಯ್ತು, ಅದರ ಸುನಾಮಿ ಪೆಸಿಫಿಕ್ ದಾಟಿ ಜಪಾನ್‌ಗೆ ಹೋಗಿ ಬಡೀತು, ಅಲ್ಲಿನ ಬರಹಗಳಲ್ಲಿ ಸಿಕ್ಕಿದ್ದರಿಂದಲೇ ತಾರೀಕು ಇಷ್ಟು ಖಚಿತವಾಗಿ ಗೊತ್ತಿರೋದು. ಆಕ್ಸಿಯಲ್ ಉಕ್ಕಿದ್ರೆ ಇದು ಕಳಚಿಕೊಳ್ಳುತ್ತಾ ಅಂತ ಕೇಳ್ತಾರೆ. ಉಕ್ಕುವಿಕೆಯ ಒತ್ತಡದ ಬದಲಾವಣೆ ಬೆಟ್ಟದಿಂದ ದೂರ ಹೋದ ಹಾಗೆ ಬೇಗ ಸವೆದುಹೋಗುತ್ತೆ, ನೂರಾರು ಕಿಲೋಮೀಟರ್ ಆಚೆ ಅದರಲ್ಲಿ ಉಳಿಯೋದು ಏನೂ ಇಲ್ಲ. ಕ್ಯಾಸ್ಕೇಡಿಯಾ ತನ್ನ ಪಾಡಿಗೆ ತಾನು ಯಾವತ್ತೋ ಒಂದು ದಿನ ಕಳಚಿಕೊಳ್ಳುತ್ತೆ, ಯಾವತ್ತು ಅಂತ ಹೇಳೋಕೆ ಯಾರಿಂದಲೂ ಆಗಲ್ಲ.

ಆವಾಗ ಮೊದಲ ಅಲೆ ಬರೋ ಮುಂಚೆ ಸಿಗೋದು 15 ರಿಂದ 20 ನಿಮಿಷ, ಕೆಲವು ಕಡೆ ಅದಕ್ಕೂ ಕಮ್ಮಿ. ಹಾಗಾಗಿ ನಿಮ್ಮ ತಮ್ಮನಿಗೆ ಕೇಳಬೇಕಾದ ಪ್ರಶ್ನೆ "ಊರು ಬಿಡ್ತೀಯಾ?" ಅನ್ನೋದಲ್ಲ, "ನಿನ್ನ ಮನೆ ಸುನಾಮಿ ವಲಯದ ಒಳಗಿದೆಯಾ, ಹೊರಗಿದೆಯಾ?" ಅನ್ನೋದು. ಆರೆಗಾನ್ ರಾಜ್ಯ ಪ್ರತಿ ಕಡಲೂರಿಗೂ ತೆರವು ನಕ್ಷೆ ಮಾಡಿ ಪುಕ್ಕಟೆ ಕೊಡುತ್ತೆ. ಹೊರಗಿದ್ರೆ ಅಲ್ಲೇ ಇರಲಿ, ಭೂಕಂಪಕ್ಕೆ ಮನೆ ಗಟ್ಟಿ ಇದೆಯಾ, ಎರಡು ವಾರಕ್ಕೆ ನೀರು, ಔಷಧಿ ಇದೆಯಾ ನೋಡ್ಕೊಳ್ಳಲಿ, ಯಾಕಂದ್ರೆ ಸೇತುವೆಗಳು ಬಿದ್ರೆ ಹೊರಗಿಂದ ಸಹಾಯ ಬೇಗ ಬರಲ್ಲ. ಒಳಗಿದ್ರೆ ಎರಡು ದಾರಿ. ಅದೇ ಊರಲ್ಲಿ ಎತ್ತರದ ಕಡೆ ಮನೆ ಮಾಡೋದು, ಬಾಡಿಗೆ ಹೆಚ್ಚಾಗಬಹುದು, ಆದರೆ ರಾತ್ರಿ ಮಲಗಿರೋ ಹೊತ್ತಿನ ಅಪಾಯ ಹೋಗುತ್ತೆ, ಶಾಲೆ, ಆಫೀಸು ಎಲ್ಲಿದೆ ಅನ್ನೋದು ಇನ್ನೂ ಉಳಿಯುತ್ತೆ. ಅಥವಾ ಅಲ್ಲೇ ಇದ್ದು, ಎತ್ತರದ ಜಾಗಕ್ಕೆ ನಡೆದು ಹೋಗೋಕೆ ಎಷ್ಟು ನಿಮಿಷ ಬೇಕು ಅಂತ ಮಗಳನ್ನ ಕರ್ಕೊಂಡು, ಕತ್ತಲಲ್ಲಿ ಒಂದ್ಸಲ, ಮಳೆಯಲ್ಲಿ ಒಂದ್ಸಲ ನಡೆದು ನೋಡೋದು. ಹತ್ತು ನಿಮಿಷದೊಳಗೆ ಆದ್ರೆ ನಾನಾದ್ರೂ ಅಲ್ಲೇ ಇರ್ತಿದ್ದೆ. ಇಪ್ಪತ್ತು ದಾಟಿದ್ರೆ ಇರ್ತಿರಲಿಲ್ಲ. ನಡೆದು ಅಂತ ಯಾಕೆ ಹೇಳ್ತಿದೀನಿ ಅಂದ್ರೆ ಕಾರಲ್ಲಿ ಹೋಗೋಕೆ ಎಲ್ಲರೂ ಒಟ್ಟಿಗೆ ಹೊರಟ್ರೆ ರಸ್ತೆ ಕಟ್ಟಿಕೊಳ್ಳುತ್ತೆ, ರಸ್ತೆನೇ ಸೀಳಿರಬಹುದು. ನೆಲ ಜೋರಾಗಿ, ತುಂಬಾ ಹೊತ್ತು ನಡುಗಿದ್ರೆ ಅದೇ ಸೈರನ್, ಮೊಬೈಲಿಗೆ ಮೆಸೇಜ್ ಬರಲಿ ಅಂತ ಕಾಯೋದು ಬೇಡ, ನಡುಕ ನಿಂತ ಕೂಡಲೇ ಹೊರಡಬೇಕು. ಹತ್ತಿ ಕೂತ ಮೇಲೆ ಮೊದಲ ಅಲೆ ಹೋಯ್ತು ಅಂತ ಇಳಿಯಬಾರದು, ಎರಡನೇದು ಮೂರನೇದು ದೊಡ್ಡದಿರಬಹುದು, ಗಂಟೆಗಟ್ಟಲೆ ಬರ್ತಾನೇ ಇರ್ತವೆ.

ಕೊನೇದಾಗಿ ನಿಮ್ಮ ಸೋದರಸೊಸೆಯ ಪ್ರಶ್ನೆ, ಇದಕ್ಕೆ ಉತ್ತರ ಕೊಡೋದು ನನಗೆ ತುಂಬಾ ಇಷ್ಟ. ಪುಟ್ಟಿ, ಒಂದು ಮೆಷಿನ್ ನಿಜವಾಗ್ಲೂ ಲಾವಾ ಒಳಗೆ ಸಿಕ್ಕಿಹಾಕಿಕೊಂಡಿತ್ತು. 1998ರ ಜನವರಿಯಲ್ಲಿ ಆಕ್ಸಿಯಲ್ ನೆತ್ತಿ ಮೇಲೆ ಕಾಲೂರಿಕೊಂಡು ನಿಂತಿತ್ತು, ಲಾವಾ ಅದರ ಕಾಲ ಕೆಳಗೇ ಹರಿದು ಬಂತು. ಮೇಲ್ಪದರ ನೀರಿಗೆ ತಾಗಿ ಕೂಡಲೇ ಗಟ್ಟಿ ಆಯ್ತು, ಮೆಷಿನ್ ಆ ಪದರದ ಮೇಲೆ ಕೂತ್ಕೊಳ್ತು, ಅಡಿಯಲ್ಲಿ ಇನ್ನೂ ಲಾವಾ ತುಂಬ್ತಾ ಇದ್ದದ್ದರಿಂದ ಪದರದ ಜೊತೆ ಅದೂ ಮೇಲೆ ಮೇಲೆ ಹೋಯ್ತು, ಒಂದೂಕಾಲು ಗಂಟೆಯಲ್ಲಿ ಸುಮಾರು 3 ಮೀಟರ್. ಆಮೇಲೆ ಲಾವಾ ಬೇರೆ ಕಡೆ ಹರಿದುಹೋದಾಗ ಮೆತ್ತಗೆ ವಾಪಸ್ ಇಳೀತು. ಸುತ್ತ ತುಂಬಿದ್ದ ತಣ್ಣೀರು ಅದನ್ನ ಬೇಯೋಕೆ ಬಿಡಲಿಲ್ಲ. ಮುಂದಿನ ವರ್ಷ ವಿಜ್ಞಾನಿಗಳು ಹೋಗಿ ಕಲ್ಲಾದ ಲಾವಾದಿಂದ ಎಳೆದು ಬಿಡಿಸಿ ತಂದ್ರು. ಒಳಗೆ ಅದು ಎಲ್ಲ ಬರೆದಿಟ್ಟಿತ್ತು: ಯಾವಾಗ ಮೇಲೆ ಹೋದೆ, ಎಷ್ಟು ಹೊತ್ತು ಇದ್ದೆ, ಯಾವಾಗ ಇಳಿದೆ ಅಂತ.